ಕಿಟಕಿಯ ಮೂಲೆ

"ಬಿಡಿ ಸರ್, ಕೈ ಬಿಡಿ!" ಮಗಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಹಿಂದಕ್ಕೆ ಜಗ್ಗಿದಳು. ಮ್ಯಾನೇಜರ್ ಇನ್ನೊಂದು ತುದಿ ಬಿಡಲಿಲ್ಲ. ಅಪ್ಪನ ಹೆಣ ಇನ್ನೂ ನಡುಮನೆಯಲ್ಲಿತ್ತು.

"ಕಂಪನಿ ಸ್ವತ್ತು ಕಣಮ್ಮ ಇದು. ನಾಳೆ ಹೊಸ ಬಸ್ಸುಗಳು ರಸ್ತೆಗಿಳೀತವೆ. ಅಪ್ಪನ ಹಳೇ ಲೆಕ್ಕ ಇನ್ಯಾರಿಗೆ ಬೇಕು?"

"ಯಾರಿಗೂ ಬೇಡವಾದ್ರೆ, ಹೆಣ ಎತ್ತೋಕೆ ಮೊದಲೇ ಯಾಕೆ ಓಡಿಬಂದ್ರಿ?"

"ತಡೆಯಪ್ಪ ಸತ್ತರೂ ತಡೆ ತಪ್ಪಲಿಲ್ಲ ನೋಡ್ರೋ," ಎಂದ ಬಾಗಿಲಲ್ಲಿದ್ದ ಮೇಸ್ತ್ರಿ. ಜೊತೆಯ ಕೆಲಸಗಾರರು ಕಿಸಕ್ಕೆಂದರು. ಬಸ್ ಕಾರ್ಖಾನೆಯ ಎಂಜಿನಿಯರ್ ಆಗಿದ್ದ ಅಪ್ಪನಿಗೆ ಅವರಿಟ್ಟ ಹೆಸರದು. ಕಿಟಕಿಗಳು ಗಟ್ಟಿ ಇವೆಯೆಂದು ಸಹಿ ಹಾಕದೆ ಎರಡು ತಿಂಗಳು ಬಸ್ಸುಗಳನ್ನೂ ತಮ್ಮನ್ನೂ ಸುಮ್ಮನೆ ಕೂರಿಸಿದವನ ಮೇಲೆ ಅವರಿಗೆ ಹಲ್ಲು ಕಡಿಯುವಷ್ಟು ಸಿಟ್ಟು. ಕೊನೆಗೆ ಮ್ಯಾನೇಜರ್ ಬೇರೆಯವರಿಂದ ಸಹಿ ಹಾಕಿಸಿದ್ದ. ಈ ಬಾಯಿಗಳಿಗೆಲ್ಲ ಬೀಗ ಜಡಿಯಬೇಕೆನಿಸಿತು ಮಗಳಿಗೆ.

*

ಹೋದ ತಿಂಗಳು ಅಪ್ಪ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಅವಳಿಗೆ ಬಸ್ಸಿನ ಕಿಟಕಿಯ ಚಿತ್ರ ತೋರಿಸಿದ್ದ. ಗಾಜು, ಅಲ್ಯೂಮಿನಿಯಂ ಚೌಕಟ್ಟು, ನಡುವೆ ಅಂಟು. ಕಂಪ್ಯೂಟರ್ ಅದನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಎಲ್ಲೆಲ್ಲಿ ಎಷ್ಟೆಷ್ಟು ಎಳೆತವೆಂದು ಹೇಳುತ್ತಿತ್ತು.

"ಬಿಸಿಲಿಗೆ ಲೋಹ ಜಾಸ್ತಿ ಹಿಗ್ಗುತ್ತೆ, ಗಾಜು ಕಮ್ಮಿ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಸಾಯೋದು ಅಂಟು, ಅದೂ ಮೊದಲು ಮೂಲೇಲಿ."

"ಮ್ಯಾನೇಜರ್ ಏನಂತಾರೆ?"

"ಚೌಕ ದೊಡ್ಡದು ಮಾಡು, ಮೂಲೆ ಎಳೆತ ಕಾಣಲ್ಲ, ಪಾಸಾಗುತ್ತೆ ಅಂತಾರೆ. ಕಣ್ಣು ಮುಚ್ಚಿ ಹಾಲು ಕುಡಿಯೋ ಬೆಕ್ಕು! ನನ್ನ ಲೆಕ್ಕ ನಂಬಬೇಡಿ, ಬಿಸಿಲಲ್ಲಿ ನಿಲ್ಲಿಸಿದ ಬಸ್ಸನ್ನಾದ್ರೂ ನೋಡಿ ಅಂದೆ. ಯಾರೂ ನೋಡಲಿಲ್ಲ."

*

ಮಗಳು ಥಟ್ಟನೆ ಕೈಬಿಟ್ಟಳು. ಮ್ಯಾನೇಜರ್ ಲ್ಯಾಪ್‌ಟಾಪ್ ಸಮೇತ ಗೋಡೆಗೆ ಬಡಿದ. ಅವಳು ಮೇಸ್ತ್ರಿಯತ್ತ ತಿರುಗಿದಳು. "ನೀವು ಬಂದ ಬಸ್ಸು ಹೊಸದಲ್ವಾ? ಎಲ್ಲಿತ್ತು ಇಷ್ಟು ದಿನ?"

"ಕಾರ್ಖಾನೆ ಅಂಗಳದಲ್ಲಿ ಬಿಸಿಲಿಗೆ ಒಣಗ್ತಿತ್ತು, ನಿಮ್ಮಪ್ಪನ ದಯೆ."

"ಹಾಗಾದ್ರೆ ಕಿಟಕಿ ಮೂಲೆ ನೋಡಿ ಬನ್ನಿ. ಗಟ್ಟಿಯಾಗಿದ್ರೆ ನಮ್ಮಪ್ಪನ್ನ ಬೈಕೊಂಡೇ ಹೂಳಿ."

"ನಾನೇ ಹಚ್ಚಿದ ಅಂಟು, ಕಲ್ಲು ಕಣಮ್ಮ!" ಮೇಸ್ತ್ರಿ ದುರದುರನೆ ಬೀದಿಗಿಳಿದ. ಕೊರಳಿನ ಗುರುತಿನ ಕಾರ್ಡು ಬಿಚ್ಚಿ ಗಾಜಿನ ಮೂಲೆಗೆ ಒತ್ತಿದ. ಕಾರ್ಡು ಎಲ್ಲೂ ತಡೆಯದೆ, ಫೋಟೋದಲ್ಲಿದ್ದ ಅವನ ಗಲ್ಲದವರೆಗೂ ಒಳಗಿಳಿಯಿತು.

"ನಾಳೆ ಇದೇ ಕಿಟಕಿ ಪಕ್ಕ ನನ್ನ ಮಗಳು ಕೂರೋಳು," ಎಂದ ಮೇಸ್ತ್ರಿ, ಮ್ಯಾನೇಜರನ್ನೇ ದುರುಗುಟ್ಟಿ ನೋಡುತ್ತ.

"ಒಂದು ಕಿಟಕಿ ಕಣ್ರೋ! ಹೊತ್ತಾಯ್ತು, ಹತ್ತಿ," ಎಂದ ಹಿಂದೆಯೇ ಬಂದಿದ್ದ ಮ್ಯಾನೇಜರ್.

ಸ್ಮಶಾನ ಮೂರು ಮೈಲಿ. ಕೆಲಸಗಾರರು ಹೆಣಕ್ಕೆ ಹೆಗಲು ಕೊಟ್ಟು ನಡೆದೇ ಹೊರಟರು. ಮುಂದಿನ ಹೆಗಲು ಮೇಸ್ತ್ರಿಯದು, ಅವನ ಪಕ್ಕದಲ್ಲಿ ಮಗಳು. ಹಿಂದೆ ಹೊಸ ಬಸ್ಸು ಆಮೆಯಂತೆ ತೆವಳುತ್ತಿತ್ತು. ಒಳಗೆ ನಲವತ್ತು ಖಾಲಿ ಸೀಟುಗಳ ನಡುವೆ, ಕಿಟಕಿಗಳಿಂದ ಆದಷ್ಟು ದೂರ, ಮ್ಯಾನೇಜರ್ ಲ್ಯಾಪ್‌ಟಾಪ್ ಅವಚಿಕೊಂಡು ನಿಂತಿದ್ದ.