ನೇರಳೆ ಬೆಳಕಿನಲ್ಲಿ ಅಮ್ಮನ ಬಸಳೆ

ಬೆಳಕಿನ ವಿಷಯದಲ್ಲಿ ತಮಗಿಂತ ತಿಳಿದವರು ಇಡೀ ಬಂಟ್ವಾಳದಲ್ಲಿಲ್ಲ ಎಂದು ನನ್ನ ಗಂಡ ಸುಧಾಕರರ ನಂಬಿಕೆ. ದುಬೈಯ ಹೋಟೆಲೊಂದರಲ್ಲಿ ಮದುವೆ ಹಾಲ್‌ನ ಉಸ್ತುವಾರಿ ನೋಡಿಕೊಂಡು ಬಂದವರು. ಯಾವ ಬೆಳಕಿನಲ್ಲಿ ಮದುಮಗಳ ಮುಖಕ್ಕೆ ಕಳೆ ಬರುತ್ತದೆ, ಯಾವ ಬೆಳಕಿನಲ್ಲಿ ಜನ ಬಿರಿಯಾನಿ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ, ಎಲ್ಲ ಗೊತ್ತು. ಬಸಳೆಗೆ ಯಾವ ಬೆಳಕು ಬೇಕು ಎಂಬುದೊಂದು ಗೊತ್ತಿರಲಿಲ್ಲ.

ಇದು ಸಂತೆಯ ಬಸಳೆಯಲ್ಲ. ಬೆಳ್ತಂಗಡಿಯಲ್ಲಿ ನನ್ನ ಅಮ್ಮ ಅಂಗಳದ ಚಪ್ಪರಕ್ಕೆ ಹಬ್ಬಿಸಿದ್ದ ಕೆಂಪು ದಂಟಿನ ಬಸಳೆ. ಅಮ್ಮ ಹೋದ ಮೇಲೆ ನನ್ನ ಅಣ್ಣ ಜಯಕರ, ಕಾರು ತಿರುಗಿಸಲಿಕ್ಕೆ ಜಾಗ ಸಾಲುವುದಿಲ್ಲವೆಂದು ಜೆಸಿಬಿ ತರಿಸಿ, ಚಪ್ಪರ ಸಮೇತ ಎಲ್ಲ ಎಬ್ಬಿಸಿ, ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿಬಿಟ್ಟ. ನನ್ನನ್ನು ಒಂದು ಮಾತು ಕೇಳಲಿಲ್ಲ, ಪುಣ್ಯಾತ್ಮ! ಮಣ್ಣಿನ ರಾಶಿಯಿಂದ ನಾನೊಂದು ತುಂಡು ಬಳ್ಳಿ ಎಳೆದುಕೊಂಡೆ. "ಇನ್ನು ನಿನ್ನ ಅಂಗಳಕ್ಕೆ ಕಾಲಿಟ್ಟರೆ ನನ್ನ ಹೆಸರು ಶಶಿಪ್ರಭಾ ಅಲ್ಲ" ಎಂದು ಹೇಳಿ ಬಸ್ಸು ಹತ್ತಿದೆ. ಆಮೇಲೆ ಹೋಗುವುದೂ ಇಲ್ಲ, ಬರುವುದೂ ಇಲ್ಲ, ಫೋನೂ ಇಲ್ಲ.

ಆ ತುಂಡು ಬಿ.ಸಿ. ರೋಡಿನ ನಮ್ಮ ಫ್ಲಾಟಿನ ಕಿಟಕಿಯ ಬಳಿ ಕುಂಡದಲ್ಲಿ ಚಿಗುರಿತು. ಅಷ್ಟರಲ್ಲಿ ಪಕ್ಕದ ಖಾಲಿ ಜಾಗದಲ್ಲಿ ಇನ್ನೊಂದು ಕಟ್ಟಡ ಎದ್ದು ನಮ್ಮ ಪಾಲಿನ ಬಿಸಿಲನ್ನೆಲ್ಲ ನುಂಗಿತು. ಬಸಳೆಯ ಎಲೆ ಹಳದಿಯಾಯಿತು. ಅಮ್ಮನ ಬಸಳೆ ಎಂದು ಲೋಕದಲ್ಲಿ ಉಳಿದದ್ದು ಅದೊಂದೇ. ಅದೂ ಹೋದರೆ ಮತ್ತೆ ಎಲ್ಲಿಂದ ತರುವುದು? ನನಗೆ ಊಟ ಸೇರದಾಯಿತು.

"ಮಂಡೆಬಿಸಿ ಮಾಡಬೇಡ, ಲೈಟ್ ಹಾಕುವ" ಎಂದರು ಸುಧಾಕರ. ಮೊದಲು ತಂದದ್ದು ಹಳದಿ ಬಲ್ಬು. ಅದನ್ನು ಸೀಲಿಂಗಿಗೇ ತೂಗುಹಾಕಿದರು. ಊಟದ ಹಾಲ್‌ಗೆ ಇದಕ್ಕಿಂತ ಒಳ್ಳೆಯ ಬೆಳಕಿಲ್ಲವಂತೆ! ಬಸಳೆ ಊಟಕ್ಕೆ ಬಂದ ನೆಂಟನೇ? ಪಾಪದ ಬಳ್ಳಿ ಬೆಳಕು ಹುಡುಕಿಕೊಂಡು ನೂಲಿನ ಹಾಗೆ ಸಪೂರವಾಗಿ ಮೇಲಕ್ಕೆ ಓಡಿತು. ಎಲೆ ಮಾತ್ರ ಬೆರಳ ಉಗುರಿನಷ್ಟೇ.

ಮೂಡುಬಿದಿರೆಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ಮಗಳು ಪ್ರಾಪ್ತಿ ಫೋನಿನಲ್ಲೇ ಅಪ್ಪನಿಗೂ ಪಾಠ ಮಾಡಿದಳು. "ಎಲೆಗೆ ನೀಲಿ ಬೆಳಕು ಬೇಕು, ಅದರೊಟ್ಟಿಗೆ ಕೆಂಪೂ ಬೇಕು. ಬಿಳಿ ಎಲ್‌ಇಡಿಯಲ್ಲಿ ಎರಡೂ ಉಂಟು. ಗಿಡದ ತಲೆಗೆ ಹತ್ತಿರ ಕಟ್ಟಿ, ಆಯ್ತಾ?"

"ಬಿಳಿ ಬೆಳಕು ಆಸ್ಪತ್ರೆಗೆ. ಕೆಂಪು, ನೀಲಿ ಅಂತ ನೀನೇ ಹೇಳಿದೆಯಲ್ಲ, ಅದನ್ನೇ ತರ್ತೇನೆ" ಎಂದು ಇವರು ಕೆಂಪು ನೀಲಿ ಚುಕ್ಕಿಗಳ ಪಟ್ಟಿ ತರಿಸಿ, ಕುಂಡದ ತಲೆಯ ಮೇಲೆ ಕಟ್ಟಿ, ಸ್ವಿಚ್ಚು ಹಾಕಿದರು.

ದೇವರೇ! ಕೋಣೆಯೆಲ್ಲ ನೇರಳೆ. ಇವರ ಬಿಳಿ ಗಡ್ಡವೂ ನೇರಳೆ. ಬಸಳೆಯ ಕಡೆ ನೋಡಿದರೆ ಎಲೆಯೆಲ್ಲ ಕಪ್ಪು. "ಸುಟ್ಟುಬಿಟ್ಟಿರಲ್ಲ ಮಾರಾಯ್ರೇ, ನನ್ನ ಅಮ್ಮನನ್ನು ಸುಟ್ಟುಬಿಟ್ಟಿರಲ್ಲ!" ಎಂದು ಗೋಳೋ ಎಂದು ಅತ್ತುಬಿಟ್ಟೆ. ಇವರು ಗಾಬರಿಯಿಂದ ಸ್ವಿಚ್ಚು ತೆಗೆದರು. ಎಲೆ ಮತ್ತೆ ಎಂದಿನ ಬಣ್ಣಕ್ಕೆ ಬಂತು. ಆ ಬೆಳಕಿನಲ್ಲಿ ಹಸಿರು ಇಲ್ಲ, ಹಾಗಾಗಿ ಎಲೆ ಕಪ್ಪಾಗಿ ಕಾಣುವುದು ಎಂದು ಪ್ರಾಪ್ತಿ ಆಮೇಲೆ ಹೇಳಿದಳು. ಅಷ್ಟರಲ್ಲಿ ನಾನು ಗಂಡನಿಗೆ ಹೇಳಬಾರದ್ದನ್ನೆಲ್ಲ ಹೇಳಿ ಆಗಿತ್ತು.

ಆದರೆ ನೇರಳೆ ಬೆಳಕು ಬಸಳೆಗೆ ಹಿಡಿಸಿತು. ದಂಟು ಬೆರಳಿನಷ್ಟು ದಪ್ಪವಾಗಿ, ಎಲೆ ಅಂಗೈಯಷ್ಟು ಅಗಲವಾಗಿ ಕಿಟಕಿಯ ಸರಳಿಗೆ ಸುತ್ತಿಕೊಂಡಿತು. ಇವರು ಗಡ್ಡ ನೀವಿಕೊಂಡು ಓಡಾಡಿದರು.

ಎದುರು ಕಟ್ಟಡದ ಜುಲೈಕಾ ಬಟ್ಟೆ ಒಣಗಿಸುತ್ತ ಕೇಳಿದಳು: "ಶಶಿಯಕ್ಕ, ದಿನಾ ಲೈಟಿಂಗ್ಸ್ ಉಂಟಲ್ಲ, ಪ್ರಾಪ್ತಿಯ ನಿಶ್ಚಿತಾರ್ಥವಾ? ನಮಗೆ ಹೇಳಲೇ ಇಲ್ಲ ನೀವು!"

"ಬಸಳೆ ಜುಲೈಕಾ, ಬಸಳೆ!" ಎಂದೆ. ಅವಳು ನಕ್ಕಳು. ನಂಬಿದ ನಗುವಲ್ಲ. ನಮ್ಮ ಊರಿನಲ್ಲಿ ಮನೆಗೆ ಬಣ್ಣದ ಬೆಳಕು ಹಾಕಿದರೆ ಒಳಗೆ ಶುಭಕಾರ್ಯ ಉಂಟು ಎಂದೇ ಲೆಕ್ಕ. ಅವಳ ಗಂಡ ಬದ್ರುದ್ದೀನನ ಮೀನಿನ ಟೆಂಪೋ ದಿನಾ ಪುಂಜಾಲಕಟ್ಟೆಯ ಮೇಲಾಗಿ ಬೆಳ್ತಂಗಡಿಗೆ ಹೋಗುತ್ತದೆ. ಬಂಗುಡೆಯ ಜೊತೆ ಸುದ್ದಿಯೂ ಹೋಯಿತು.

ಆದಿತ್ಯವಾರ ಸಂಜೆ ಬೆಲ್ಲು ಹೊಡೆಯಿತು. ಬಾಗಿಲಲ್ಲಿ ಜಯಕರಣ್ಣ! ಬಿಳಿ ಪಂಚೆ, ಜರಿ ಶಾಲು. ಮುಖ ಕೆಂಡ.

"ಸೊಸೆಯ ನಿಶ್ಚಿತಾರ್ಥ. ಸೋದರಮಾವನಿಗೆ ಹೇಳಿಕೆ ಇಲ್ಲ! ಮೀನು ಮಾರುವವನಿಂದ ನಾನು ಕೇಳಿ ತಿಳಿಯಬೇಕಾ? ವೀಳ್ಯ ಹಿಡಿಯುವುದು ಯಾರು, ನಿನ್ನ ಗಂಡನಾ?"

ನಮ್ಮಲ್ಲಿ ಸೋದರಮಾವ ಮುಂದೆ ನಿಲ್ಲದೆ ಹೆಣ್ಣುಮಕ್ಕಳ ಮದುವೆಯ ಮಾತು ಮುಗಿಯುವುದಿಲ್ಲ. ಅವನನ್ನು ಬಿಟ್ಟು ಕಾರ್ಯ ಮಾಡಿದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ನನಗೆ ನಗು ಉಕ್ಕಿತು, ಸಿಟ್ಟೂ ಉಕ್ಕಿತು.

"ಕಾರ್ಯ ಒಳಗೆ ಉಂಟು. ಬಾ, ನೋಡು."

ಅವನು ಧಡಧಡ ಒಳಗೆ ಬಂದು ನೇರಳೆ ಬೆಳಕಿನಲ್ಲಿ ನಿಂತ. "ಹುಡುಗ ಎಲ್ಲಿ? ಇದೆಂತದು ಕಪ್ಪು ಬಳ್ಳಿ? ಪ್ಲಾಸ್ಟಿಕ್ ಡೆಕೊರೇಶನ್ನಾ?"

ಸುಧಾಕರ ನೇರಳೆ ಆರಿಸಿ, ಕೋಣೆಯ ಟ್ಯೂಬ್‌ಲೈಟ್ ಹಾಕಿದರು. ಹಸಿರು ಎಲೆ, ಕೆಂಪು ದಂಟು. ಅಣ್ಣ ಬಗ್ಗಿ ಒಂದು ಎಲೆ ಹಿಡಿದ. ದಂಟನ್ನು ಬೆರಳಿನಿಂದ ಸವರಿದ. ಮುಖದ ಕೆಂಡ ಇಳಿಯಿತು.

"ಅಮ್ಮನದ್ದಲ್ವಾ ಇದು?"

"ನಿನ್ನ ಜೆಸಿಬಿ ಬಿಟ್ಟದ್ದು."

ಅವನು ಕುರ್ಚಿಯಲ್ಲಿ ಕುಸಿದು ಕೂತ. ಶಾಲಿನಿಂದ ಕಣ್ಣು ಒರೆಸಿಕೊಂಡ, ಸೆಕೆಗೆ ಬೆವರು ಎಂಬ ಹಾಗೆ. "ಸಂತೆಯದ್ದರಲ್ಲಿ ಆ ರುಚಿ ಇಲ್ಲ ಶಶಿ. ಎಷ್ಟು ಕಡೆ ಹುಡುಕಿದೆ. ನಿನ್ನ ಹತ್ತಿರ ಕೇಳಲಿಕ್ಕೆ ಮುಖ ಇರಲಿಲ್ಲ. ಒಂದು ತುಂಡು ಕೊಡ್ತೀಯಾ?"

"ಎಲ್ಲಿ ನೆಡ್ತೀ? ಇಂಟರ್‌ಲಾಕಿನ ಮೇಲಾ?"

ಹಾಗೆಂದರೂ ಕತ್ತಿ ತಂದು ಒಳ್ಳೆಯ ದಂಟನ್ನೇ ನೋಡಿ ಕಡಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಅವನ ಕೈಯಲ್ಲಿಟ್ಟೆ. ಇನ್ನೊಂದಿಷ್ಟು ಎಲೆ ಕೊಯ್ದು ಮರುವಾಯಿ ಚಿಪ್ಪುಮೀನು ಹಾಕಿ ಸಾರು ಮಾಡಿದೆ. ಸುಧಾಕರ ಎದ್ದು ಹಳದಿ ಬಲ್ಬು ಹಾಕಿದರು. ಅಣ್ಣ ಎರಡು ಸಲವಲ್ಲ, ಮೂರು ಸಲ ಹಾಕಿಸಿಕೊಂಡ. ಗಂಡನ ಮುಖದ ಗತ್ತು ನೋಡಬೇಕಿತ್ತು.

ಮರುವಾರ ಬೆಳಿಗ್ಗೆ ಫೋನು.

"ಶಶಿ, ಇಂಟರ್‌ಲಾಕ್ ಕೀಳಲಿಕ್ಕೆ ಜನ ಬಂದಿದ್ದಾರೆ. ಚಪ್ಪರಕ್ಕೆ ಎಷ್ಟು ಜಾಗ ಬಿಡುವುದು?"

"ನಿನ್ನ ಕಾರು ತಿರುಗುವಷ್ಟು."

"ಮತ್ತೆ ಕಾರು ಎಲ್ಲಿ ತಿರುಗಿಸುವುದು ಮಾರಾಯ್ತಿ?"

"ಅದು ನಿನ್ನ ತಲೆನೋವು. ಅಮ್ಮ ಕಂಬ ನೆಟ್ಟದ್ದು ಎಲ್ಲಿ, ನೆನಪುಂಟಾ ನಿನಗೆ?"

"ಇಲ್ಲ" ಎಂದ, ಸಣ್ಣ ಸ್ವರದಲ್ಲಿ.

"ಹಾಗಾದರೆ ಒಂದು ಕಲ್ಲೂ ಮುಟ್ಟಬೇಡ. ನಾನು ಬಂದು ತೋರಿಸ್ತೇನೆ."

ಫೋನಿಟ್ಟು ಸೀರೆ ಬದಲಿಸಿಕೊಂಡು ಹೊರಗೆ ಬಂದೆ. ಸುಧಾಕರ ಪೇಪರಿನ ಹಿಂದಿನಿಂದ ಕೇಳಿದರು: "ಆ ಅಂಗಳಕ್ಕಾ? ಹಾಗಾದರೆ ಇವತ್ತಿನಿಂದ ನಿನ್ನನ್ನು ಯಾವ ಹೆಸರಿನಲ್ಲಿ ಕರೆಯುವುದು?"

"ಬಾಯಿ ಮುಚ್ಚಿ ಕಾರು ತೆಗೆಯಿರಿ" ಎಂದೆ.