ಸ್ವಂತ ಕೋರಿಕೆಯ ಮೇರೆಗೆ

ಸಮಸ್ತ ಚಾಲಕರಿಗೆ, ಕಂಡಕ್ಟರುಗಳಿಗೆ, ಮೆಕ್ಯಾನಿಕ್ಕುಗಳಿಗೆ ಹಾಗೂ ಸೂರ್ಯಚಂದ್ರರಿಗೆ ಈ ಮೂಲಕ ತಿಳಿಯಪಡಿಸುವುದೇನಂದ್ರೆ, ಬಿದರಗೆರೆ ಬಸ್ ಡಿಪೋ ಕ್ಯಾಂಟೀನಿನ ಉದ್ದಿನ ವಡೆಗೆ ಇನ್ನು ಮುಂದೆ ನಟ್ಟನಡುವೆ ತೂತು ಇರತಕ್ಕದ್ದು. ಸದರಿ ತೂತು ಕಿರುಬೆರಳಿನ ಗಾತ್ರ ಮೀರತಕ್ಕದ್ದಲ್ಲ. ಕಾರ್ಮಿಕ ಸಂಘದ ಹದಿನೆಂಟು ತಿಂಗಳ ಹೋರಾಟಕ್ಕೆ ಮಣಿದು ಆಡಳಿತ ವರ್ಗ ಇದನ್ನ ಒಪ್ಪಿರುತ್ತದೆ.

ಸೂರ್ಯಚಂದ್ರರನ್ನ ಸೇರಿಸಿದ್ದು ನಾವು. ಮಿಕ್ಕಿದ್ದೆಲ್ಲ ನೋಟೀಸ್ ಬೋರ್ಡಿನಲ್ಲಿ ಇದ್ದದ್ದೇ. ಕೆಳಗೆ ಸಂಘದ ಅಧ್ಯಕ್ಷ ಬೆನಕಪ್ಪನ ಸಹಿ, ವಡೆಗಿಂತ ಅಗಲವಾಗಿ.

ಓಂಕಾರಮ್ಮ ಟೀ ಕುಡೀತಾ ಆ ನೋಟೀಸನ್ನ ಎರಡು ಸಲ ಓದಿದ್ಲು. ಹದಿನಾಲ್ಕು ವರ್ಷದಿಂದ ಕಂಡಕ್ಟರು, ಆರು ವರ್ಷದಿಂದ ಸಂಘದ ಕಮಿಟಿ ಮೆಂಬರು. ಸಂಘದಲ್ಲಿ ಕೆಲಸ ಅವಳದು, ಹಾರ ಬೆನಕಪ್ಪನದು. ಇದರ ಬಗ್ಗೆ ಇಬ್ಬರಿಗೂ ತಕರಾರಿರಲಿಲ್ಲ.

ಆವತ್ತು ಮಾತ್ರ ಅವಳಿಗೆ ವಡೆ ಇಳೀಲಿಲ್ಲ. ಎಸ್ಟಾಬ್ಲಿಶ್‌ಮೆಂಟ್ ಗುಮಾಸ್ತ ಮುರಿಗೆಪ್ಪ ಬಂದು ಎದುರಿಗೆ ಕೂತು, ಕಿವಿ ಹತ್ರ ಬಗ್ಗಿ ಹೇಳಿದ್ದೇ ಅದಕ್ಕೆ ಕಾರಣ.

"ಓಂಕಾರಕ್ಕ, ನಿನ್ನ ಫೈಲು ಸಾಹೇಬ್ರ ಟೇಬಲ್ ಮೇಲೆ ಹೋಗೇತೆ."

"ನನ್ನ ಫೈಲಲ್ಲಿ ಏನೈತಪ್ಪ ಓದಾಕೆ? ಎರಡು ಮೆಮೊ, ಒಂದು ಹೆರಿಗೆ ರಜ."

"ಓದಾಕಲ್ಲ ಕಣಕ್ಕ, ಎತ್ತಾಕೆ. ಹನ್ನೆರಡನೇ ತಾರೀಕಿಗೆ ಮುಂಚೆ ನಿನ್ನ ಈ ಡಿಪೋದಿಂದ ಎತ್ತಬೇಕಂತೆ."

ಹನ್ನೆರಡನೇ ತಾರೀಕು ಅಂದ್ರೆ ಮೇ ಹನ್ನೆರಡು, ಡ್ರೈವರ್ ದಾದಾಪೀರನ ವಿಚಾರಣೆ. ಫೆಬ್ರವರಿಲಿ ಅವನ ಬಸ್ಸು ದನದ ಆಸ್ಪತ್ರೆ ಕಾಂಪೌಂಡಿಗೆ ಗುದ್ದಿ ನಾಲ್ಕು ಜನಕ್ಕೆ ಮೂಳೆ ಮುರಿದಿತ್ತು. ಅತಿವೇಗ ಅಂತ ಡಿಪೋ ಬರೆದು ಅವನನ್ನ ಸಸ್ಪೆಂಡ್ ಮಾಡ್ತು. ಅವನು ಹಿಂದಿನ ಮೂರು ದಿನವೂ ಲಾಗ್‌ಶೀಟಿನಲ್ಲಿ "ಬ್ರೇಕ್ ಹಿಡೀತಿಲ್ಲ" ಅಂತ ಬರೆದಿದ್ದ. ಆ ಮೂರೂ ಲಾಗ್‌ಶೀಟು ಡಿಪೋದಲ್ಲಿ ಸಿಗಲಿಲ್ಲ. ಓಂಕಾರಮ್ಮನ ಮೊಬೈಲಲ್ಲಿ ಸಿಕ್ಕವು. ಯಾವ ಕಾಗದ ಕಂಡ್ರೂ ಒಂದು ಫೋಟೊ ಹೊಡೆದಿಟ್ಕೊಳ್ಳೋ ಚಟ ಅವಳದು. ವಿಚಾರಣೇಲಿ ದಾದಾಪೀರನ ಪರ ಮಾತಾಡೋಕೆ ಒಪ್ಕೊಂಡವಳೂ ಅವಳೇ. ಅಂಥವರು ಅದೇ ಡಿಪೋದ ನೌಕರರೇ ಆಗಿರಬೇಕು ಅಂತ ನಿಯಮ. ಅವಳು ಡಿಪೋ ಬಿಟ್ಟರೆ ದಾದಾಪೀರ ಕೆಲಸ ಬಿಟ್ಟಂಗೆ.

ದೊಡ್ಡ ದೊಡ್ಡ ಪುಸ್ತಕದಲ್ಲಿ ವರ್ಗಸಂಘರ್ಷ ಅಂದ್ರೆ ಏನೇನೋ ಬರೆದಿರ್ತಾರೆ. ಬಿದರಗೆರೆ ಡಿಪೋದಲ್ಲಿ ಅದಕ್ಕೆ ಒಂದೇ ಅರ್ಥ. ನೀನು ಸಂಘರ್ಷ ಮಾಡು, ಅವರು ವರ್ಗ ಮಾಡ್ತಾರೆ.

ಇದಕ್ಕೊಂದು ಮದ್ದೂ ಇತ್ತು. ಸಂಘದ ಐದು ಜನ ಪದಾಧಿಕಾರಿಗಳನ್ನ ಅವರ ಇಚ್ಛೆಗೆ ವಿರುದ್ಧವಾಗಿ ವರ್ಗ ಮಾಡಂಗಿಲ್ಲ ಅಂತ ಹಳೇ ಒಪ್ಪಂದ. ಪ್ರತಿ ವರ್ಷ ಏಪ್ರಿಲ್ ಮುಗಿಯೋದ್ರೊಳಗೆ ಐದು ಹೆಸರು ಬರೆದು ಡಿಪೋಗೆ ಕೊಟ್ಟು ಸೀಲು ಹಾಕಿಸ್ಕೋಬೇಕು, ಅಷ್ಟೆ. ಕಮಿಟಿ ಮೆಂಬರಿಗೆ ಆ ರಕ್ಷಣೆಯ ಕೊಡೆ ಇಲ್ಲ. ಕೊಡೆ ಹಿಡ್ಕೊಂಡೋರು ಐದೂ ಜನ ಹೆಂಗಿದ್ರು ಅಂದ್ರೆ, ಅವರನ್ನ ವರ್ಗ ಮಾಡೋ ಯೋಚನೆ ಯಾವ ಸಾಹೇಬ್ರಿಗೂ ಕನಸಲ್ಲೂ ಬಂದಿರಲಿಲ್ಲ. ಬೆನಕಪ್ಪನಿಗಂತೂ ಜೂನಿನಲ್ಲಿ ನಿವೃತ್ತಿ. ಅವನನ್ನ ಮನೆಗಲ್ಲದೆ ಎಲ್ಲಿಗೆ ಕಳಿಸೋದು?

ಸಂಜೆ ಓಂಕಾರಮ್ಮ ದಾದಾಪೀರನನ್ನ ಕರ್ಕೊಂಡು ಬೆನಕಪ್ಪನ ಮನೆಗೆ ಹೋದ್ಲು. ಅವನು ಮಗಳ ಮದುವೆ ಪತ್ರಿಕೆಗಳಿಗೆ ಅರಿಶಿನ ಹಚ್ತಾ ಕೂತಿದ್ದ.

"ಯಜಮಾನ್ರೆ, ಅಧ್ಯಕ್ಷ ಸ್ಥಾನ ನನಗೆ ಬಿಟ್ಕೊಡಿ."

ಬೆನಕಪ್ಪನ ಬೆರಳು ಅರಿಶಿನದ ಬಟ್ಟಲಲ್ಲೇ ನಿಂತುಬಿಡ್ತು. "ಏನವ್ವಾ, ಟೀ ಬ್ಯಾಡ ಕಾಫಿ ಕೊಡಿ ಅಂದಂಗೆ ಕೇಳ್ತಿಯಲ್ಲ! ಹತ್ತೊಂಬತ್ತು ವರ್ಷದ ಕುರ್ಚಿ ಅದು."

"ಇನ್ನೆರಡು ತಿಂಗಳಿಗೆ ನೀವೇ ಎದ್ದು ಹೋಗ್ತೀರಲ್ಲ."

"ಎದ್ದು ಹೋಗೋದು ಬ್ಯಾರೆ, ಎಬ್ಬಿಸೋದು ಬ್ಯಾರೆ. ಇಲ್ನೋಡು." ಪತ್ರಿಕೆ ಒಂದನ್ನ ಮುಂದೆ ಹಿಡಿದ. ಮದುಮಗಳ ಹೆಸರಿಗಿಂತ ದಪ್ಪ ಅಕ್ಷರದಲ್ಲಿ 'ಬೆನಕಪ್ಪ, ಅಧ್ಯಕ್ಷರು' ಅಂತಿತ್ತು. "ಆರುನೂರು ಹೊಡೆಸೀನಿ. ಮೇ ಇಪ್ಪತ್ತಕ್ಕೆ ಬೀಗರು ಬಂದು, ಎಲ್ಲಪ್ಪಾ ಅಧ್ಯಕ್ಷರು ಅಂದ್ರೆ ನಿನ್ನ ತೋರಿಸ್ಲೇನು?"

ದಾದಾಪೀರ ಒಂದು ಪತ್ರಿಕೆ ಕೈಗೆತ್ಕೊಂಡ. "ನನಗೂ ಮಗಳವಳೆ ಯಜಮಾನ್ರೆ," ಅಂದ. "ಅವಳ ಪತ್ರಿಕೇಲಿ ನನ್ನ ಹೆಸರಿನ ಮುಂದೆ ಏನು ಹಾಕ್ಸಲಿ? ಡಿಸ್ಮಿಸ್ಸು ಅಂತಲಾ?"

ಬೆನಕಪ್ಪ ಪತ್ರಿಕೆ ಕೆಳಗಿಟ್ಟ. ಅವನು ಕೆಟ್ಟವನಲ್ಲ. ವಡೆಯ ತೂತಿಗೆ ಹದಿನೆಂಟು ತಿಂಗಳು ಕಾದವನಿಗೆ ತಾಳ್ಮೆ ಇಲ್ಲ ಅನ್ನೋಕೂ ಆಗಲ್ಲ. ಆದ್ರೆ ಇಷ್ಟು ವರ್ಷ ತನ್ನ ತಲೆ ಮೇಲಿದ್ದ ಕೊಡೆಯ ಕೆಳಗೆ ತಾನು ಒಂದು ದಿನವೂ ಮಳೇಲಿ ನಿಂತಿಲ್ಲ ಅನ್ನೋದು ಅವನಿಗೆ ಆವಾಗ ಹೊಳೀತೋ ಏನೋ, ಬಹಳ ಹೊತ್ತು ಬೆರಳಿನ ಅರಿಶಿನ ಒರೆಸ್ಕೊಂಡ.

"ಗೌರವಾಧ್ಯಕ್ಷ ಅಂತ ಮಾಡ್ರಿ ನನ್ನ," ಅಂದ ಕೊನೆಗೆ. "'ಗೌರವ' ಅಂತ ಒಂದು ರಬ್ಬರ್ ಸ್ಟ್ಯಾಂಪು ಮಾಡ್ಸಿ, ಆರುನೂರಕ್ಕೂ ನೀವೇ ಒತ್ತಬೇಕು."

ಒತ್ತಿದ್ರು. ದಾದಾಪೀರ ಸ್ಟ್ಯಾಂಪು ಹಿಡಿದ, ಓಂಕಾರಮ್ಮ ಪತ್ರಿಕೆ ಬಿಡಿಸಿ ಕೊಟ್ಲು. ಗೌರವ ಅನ್ನೋದು ಇಷ್ಟು ಸುಲಭಕ್ಕೆ ಆರುನೂರು ಸಲ ಸಿಕ್ಕಿದ್ದು ಬಿದರಗೆರೆ ಇತಿಹಾಸದಲ್ಲೇ ಮೊದಲು.

ಏಪ್ರಿಲ್ ಇಪ್ಪತ್ತೆಂಟಕ್ಕೆ, ಬೆಳಗಿನ ಪಾಳಿಯವರು ಬಂದು ಮಧ್ಯಾಹ್ನದವರು ಹೊರಡೋ ಹೊತ್ತಿಗೆ, ಡಿಪೋ ಗೇಟಿನಲ್ಲಿ ಸಭೆ. ಇನ್ನೂರಾ ಹನ್ನೊಂದು ಕೈ ಮೇಲೆದ್ದವು. ವಿರೋಧ ಯಾರೂ ಇಲ್ಲ. ಒಬ್ಬ ಡ್ರೈವರು ಮಾತ್ರ ಎರಡೂ ಕೈ ಎತ್ತಿದ್ದ. ಕೇಳಿದ್ರೆ ಆಕಳಿಸ್ತಿದ್ದೆ ಅಂದ. ಐದು ಹೆಸರಿನ ಪಟ್ಟಿ, ಮೊದಲನೇದು ಓಂಕಾರಮ್ಮ, ಡಿಪೋ ಆಫೀಸಿಗೆ ಹೋಯ್ತು. ಸೀಲು ಬಿತ್ತು, ತಾರೀಕು ಬಿತ್ತು, ಅದರದ್ದೊಂದು ಫೋಟೊನೂ ಬಿತ್ತು.

"ಇನ್ನು ನಿನ್ನ ಅಲ್ಲಾಡ್ಸೋಕೆ ಭೂಕಂಪನೇ ಆಗಬೇಕು ಕಣಕ್ಕ," ಅಂದ ಮುರಿಗೆಪ್ಪ.

ಆ ನಾಲ್ಕು ದಿನ ಓಂಕಾರಮ್ಮ ಚೆನ್ನಾಗಿ ನಿದ್ದೆ ಮಾಡಿದ್ಲು. ಟ್ರಿಪ್ಪಿನ ನಡುವೆ ಕೂತು ದಾದಾಪೀರನಿಗೆ ಕೇಳೋ ಪ್ರಶ್ನೆಗಳನ್ನ ಬರೆದ್ಲು, ಒಂದೊಂದಕ್ಕೂ ಅವನು ಹೆಂಗೆ ಉತ್ತರ ಹೇಳಬೇಕು ಅಂತ ಗದರಿಸಿ ಗದರಿಸಿ ಕಲಿಸಿದ್ಲು. "ಹೂಂ ಸರ್, ತಪ್ಪಾಯ್ತು ಸರ್ ಅನ್ನೋದು ಬಿಡಣ್ಣ! ತಪ್ಪು ಬ್ರೇಕಿಂದು. ನಿನ್ನ ಬಾಯಿಗೆ ಮೊದಲು ಬ್ರೇಕ್ ಹಾಕು."

ಮೇ ಮೂರಕ್ಕೆ ಸಾಹೇಬ್ರು ಕರೆಸಿದ್ರು.

ಡಿಪೋ ಮ್ಯಾನೇಜರ್ ಹೇಮಚಂದ್ರ ಸಾಹೇಬ್ರು ಕುರ್ಚಿಯಿಂದ ಎದ್ದು ನಿಂತ್ರು. ಓಂಕಾರಮ್ಮನಿಗೆ ಅಲ್ಲೇ ಅನುಮಾನ ಬಂತು. ಹದಿನಾಲ್ಕು ವರ್ಷದಲ್ಲಿ ಅವಳಿಗಾಗಿ ಸೀಟಿನಿಂದ ಎದ್ದ ಮೊದಲ ಗಂಡಸು ಅವರು.

"ಬನ್ನಿ ಅಧ್ಯಕ್ಷರೆ, ಕೂತ್ಕೊಳ್ಳಿ. ಒಂದು ಸಂತೋಷದ ಸಮಾಚಾರ. ನಿಮ್ಮ ಬಹಳ ದಿನದ ಆಸೆ ಈಡೇರ್ತು."

"ಬ್ರೇಕ್ ರಿಪೇರಿ ಮಾಡ್ಸಿದ್ರಾ ಸರ್?"

ಸಾಹೇಬ್ರು ನಕ್ಕು ಕಾಗದ ಮುಂದೆ ತಳ್ಳಿದ್ರು. ಬೀದರ್ ಕಡೆ, ಔರಾದ್ ಡಿಪೋಗೆ ವರ್ಗ. ಈ ದಿನವೇ ಬಿಡುಗಡೆ.

"ಸರ್, ನಾನು ಪದಾಧಿಕಾರಿ. ಪಟ್ಟಿ ಕೊಟ್ಟೀವಿ, ನಿಮ್ಮದೇ ಸೀಲೈತೆ. ನನ್ನ ಇಚ್ಛೆಗೆ ವಿರುದ್ಧ ನೀವು…"

"ವಿರುದ್ಧ ಅಂದೋರು ಯಾರಮ್ಮ? ಎರಡನೇ ಸಾಲು ಓದಿ."

ಎರಡನೇ ಸಾಲಿನಲ್ಲಿ 'ಸದರಿಯವರ ಸ್ವಂತ ಕೋರಿಕೆಯ ಮೇರೆಗೆ' ಅಂತಿತ್ತು. ಕೆಳಗೆ ಪಿನ್ ಹೊಡೆದ ಒಂದು ಹಳದಿ ಕಾಗದ. ಅದರ ಮೇಲಿನ ದುಂಡು ದುಂಡು ಅಕ್ಷರ ಯಾರದೋ ಹುಡುಗೀದು ಅನ್ನಿಸ್ತು ಅವಳಿಗೆ. ಆಮೇಲೆ ಗೊತ್ತಾಯ್ತು, ಅದು ತನ್ನದೇ. 'ನನ್ನ ಪತಿಯವರು ಔರಾದಿನಲ್ಲಿ ಕೆಲಸದಲ್ಲಿರುವುದರಿಂದ ದಯಮಾಡಿ ನನ್ನನ್ನು ಅಲ್ಲಿಗೆ ವರ್ಗ ಮಾಡಬೇಕಾಗಿ ವಿನಂತಿ.' ಹದಿನಾಲ್ಕು ವರ್ಷದ ಹಿಂದಿನ ತಾರೀಕು, ಅವಳು ಕೆಲಸಕ್ಕೆ ಸೇರಿದ ದಿನದ್ದು.

ಇದೊಂದು ಬಿದರಗೆರೆಯ ಪದ್ಧತಿ. ಕೆಲಸಕ್ಕೆ ಸೇರಿದ ದಿನವೇ ಎಲ್ಲರೂ ಒಂದು ವರ್ಗಾವಣೆ ಅರ್ಜಿ ಒಗಾಯಿಸ್ತಾರೆ. ಅರ್ಜಿ ಹಾಕಿದ ದಿನದಿಂದಲೇ ಕೋರಿಕೆ ಪಟ್ಟಿಯ ಸೀನಿಯಾರಿಟಿ ಲೆಕ್ಕ. ಬೇಕಾದಾಗ ಹಾಕೋಣ ಅಂದ್ರೆ ಬೇಕಾದಾಗ ಸಿಗಲ್ಲ. ಒಂದ್ಸಲ ಹಾಕಿದ ಮೇಲೆ ಯಾರೂ ವಾಪಸ್ ತಗೊಳ್ಳಲ್ಲ. ಇರ್ಲಿ ಬಿಡು, ಅನ್ನ ಕೇಳುತ್ತಾ ನೀರು ಕೇಳುತ್ತಾ ಅಂತ. ಓಂಕಾರಮ್ಮನ ಮದುವೆ ಮುರಿದು ಒಂಬತ್ತು ವರ್ಷ ಆಗಿತ್ತು. ಅರ್ಜಿ ಮಾತ್ರ ಮುರಿದಿರಲಿಲ್ಲ. ಗಂಡನನ್ನ ಮರೆತವಳು ಗಂಡನಿಗಾಗಿ ಬರೆದದ್ದನ್ನ ನೆನಪಿಟ್ಕೊಂಡಿರ್ತಾಳಾ?

"ಇದನ್ನ ಈಗಲೇ ವಾಪಸ್ ತಗೋತೀನಿ ಸರ್."

"ಆರ್ಡರ್ ಆದಮೇಲೆ ವಾಪಸ್ ತಗೊಳ್ಳಂಗಿಲ್ಲ. ಅದು ನಿಮ್ಮ ಸಂಘವೇ ಪಟ್ಟು ಹಿಡಿದು ಮಾಡ್ಸಿದ ನಿಯಮ, ಒಬ್ಬರಿಗೆ ಬಂದ ವರ್ಗದ ಆರ್ಡರನ್ನ ಇನ್ನೊಬ್ಬರಿಗೆ ಮಾರ್ಕೋಬಾರದು ಅಂತ. ಕರಡು ನೀವೇ ಬರೆದದ್ದಂತೆ. ಬಹಳ ಚೆನ್ನಾಗೈತೆ, ಒಂದು ತೂತೂ ಇಲ್ಲ."

ಅವಳು ಕಾಗದ ತಗೊಂಡು ಹೊರಗೆ ಬಂದ್ಲು. ಬೇವಿನ ಮರದ ಕೆಳಗೆ ದಾದಾಪೀರ, ಬೆನಕಪ್ಪ, ಮುರಿಗೆಪ್ಪ ಕಾಯ್ತಿದ್ರು. ಮುರಿಗೆಪ್ಪ ಆರ್ಡರನ್ನ ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ಸಾಹೇಬ್ರು ನಿನ್ನ ಫೈಲು ಓದೇಬಿಟ್ರಲ್ಲಕ್ಕ," ಅಂದ.

"ಕೋರ್ಟಿಗೆ ಹೋದ್ರೆ?" ಅಂದ ದಾದಾಪೀರ.

"ಹೋಗೋಣ ಬಿಡಣ್ಣ. ತಾರೀಕು ಸಿಗೋ ಹೊತ್ತಿಗೆ ನಿನ್ನ ಹನ್ನೆರಡನೇ ತಾರೀಕು ಮುಗಿದಿರ್ತದೆ," ಅಂದ್ಲು ಓಂಕಾರಮ್ಮ.

"ಹಂಗಾದ್ರೆ ಆವತ್ತು ನನ್ನ ಕಡೆ ಯಾರು ಕೂತ್ಕೊಳ್ಳೋರು?"

ಮಿಕ್ಕ ಮೂವರೂ ಬೆನಕಪ್ಪನ ಕಡೆ ನೋಡಿದ್ರು. ಅದೇ ಡಿಪೋದ ನೌಕರ, ವರ್ಗದ ಭಯ ಇಲ್ಲದವನು. ಬೆನಕಪ್ಪ ಗಂಟಲು ಸರಿಮಾಡ್ಕೊಂಡ. "ನಾನು ಕೂತ್ಕೋತಿದ್ದೆ ಕಣವ್ವ, ಆಣೆಗೂ. ಆದ್ರೆ ಒಂಬತ್ತರಿಂದ ಮದುವೆ ರಜ ಸ್ಯಾಂಕ್ಷನ್ ಆಗಿಬಿಟ್ಟೈತೆ. ರಜದಲ್ಲಿರೋರು ವಿಚಾರಣೇಲಿ ಕೂರಂಗಿಲ್ಲಂತಲ್ಲ…"

"ರಜ ರದ್ದು ಮಾಡ್ಸಬಹುದು ಯಜಮಾನ್ರೆ. ಅದನ್ನ ವಾಪಸ್ ತಗೊಳ್ಳೋಕೆ ಯಾವ ನಿಯಮವೂ ಅಡ್ಡಿಲ್ಲ," ಅಂದ್ಲು ಓಂಕಾರಮ್ಮ.

ಓಂಕಾರಮ್ಮ ಪ್ರಶ್ನೆ ಬರೆದ ನೋಟ್‌ಬುಕ್ಕು, ಲಾಗ್‌ಶೀಟಿನ ಪ್ರಿಂಟು, ಎರಡನ್ನೂ ದಾದಾಪೀರನ ಕೈಗೆ ಕೊಡದೆ ಬೆನಕಪ್ಪನ ಕೈಗೆ ಕೊಟ್ಲು. ಅವನು ತಗೊಂಡ. ಮದುವೆ ಪತ್ರಿಕೆ ಹಿಡಿದಂಗೆ ಎರಡೂ ಕೈಲಿ ಹಿಡ್ಕೊಂಡು ನಿಂತ.

ಮೂರು ಗಂಟೆಯ ಬಸ್ಸು ಹೊರಟಿತು. ಅದರ ಕಂಡಕ್ಟರು ಚಂಪಕಾ, ಹೋದ ವರ್ಷ ಸೇರಿದವಳು. ಓಂಕಾರಮ್ಮ ಬಾಗಿಲ ಪಕ್ಕದ ಸೀಟಿನಲ್ಲಿ ಕೂತು ಆಧಾರ್ ಕಾರ್ಡು ಮುಂದೆ ಹಿಡಿದ್ಲು.

"ಇದೇನಕ್ಕ! ನೀನು ನಮ್ಮೋಳು. ಅಲ್ದೆ ಹೆಂಗಸರಿಗೆ ಹೆಂಗೂ ಫ್ರೀ ಅಲ್ವಾ, ಟಿಕೆಟ್ ಯಾಕೆ?"

"ನೀನೂ ಸೇರಿದ ದಿನ ಅರ್ಜಿ ಹಾಕಿದ್ಯಾ?"

"ಹೂಂನಕ್ಕ. ನೀನೇ ಅಲ್ವಾ ಹೇಳಿದ್ದು, ಹಾಕು, ಯಾವತ್ತೂ ವಾಪಸ್ ತಗೋಬೇಡ ಅಂತ?"

ಓಂಕಾರಮ್ಮ ಕಿಟಕಿ ಕಡೆ ತಿರುಗಿದ್ಲು. ಗೇಟಿನ ಹತ್ರ ಬೆನಕಪ್ಪ ಇನ್ನೂ ನಿಂತೇ ಇದ್ದ. ನೋಟ್‌ಬುಕ್ಕು ಬಿಡಿಸಿ, ಕನ್ನಡಕ ಮೂಗಿಗೇರಿಸಿ ಏನೋ ಓದ್ತಿದ್ದ. ಬಸ್ಸು ತಿರುವು ದಾಟ್ತು.

"ಸೊನ್ನೆ ಟಿಕೆಟ್ ಹರಿ ಮೊದ್ಲು," ಅಂದ್ಲು. "ಚೆಕಿಂಗ್‌ನೋರು ಹತ್ತಿ ನಿನ್ನ ಮೇಲೆ ಕೇಸ್ ಬರೆದ್ರೆ, ನಿನ್ನ ಕಡೆ ಕೂರೋಕೆ ನಾನು ಇನ್ನು ಆ ಡಿಪೋದೋಳಲ್ಲ."