ಸೂಗಮ್ಮನ ಹರಕೆ

ಮಸ್ಕಿಯ ಗುಡ್ಡ ಹತ್ತಿ ಮಲ್ಲಿಕಾರ್ಜುನನಿಗೆ ಕಾಯಿ ಒಡೆಸುವಾಗಲೂ ಹುಸೇನಮ್ಮನ ಜೀವವೆಲ್ಲ ಮುದಗಲ್ಲಿನಲ್ಲೇ ಇತ್ತು. ಎರಡು ಕೂಸು ಕಳೆದುಕೊಂಡಿದ್ದ ಮಗಳು ಸೂಗಮ್ಮ, ಮೂರನೆಯದು ಉಳಿದರೆ ಮುದಗಲ್ಲಿನ ಮೊಹರಮ್ಮಿನ ಅಲಾಯಿ ದೇವರ ಹೊಸ್ತಿಲ ಮೇಲೆ ಮಲಗಿಸಿ, ಪೂಜಾರಿ ಸಾಬರಿಂದ ಸಕ್ಕರೆಗೆ ಮಂತ್ರ ಓದಿಸಿ, ಅಲ್ಲೇ ಹೆಸರಿಡುತ್ತೇನೆಂದು ಹರಕೆ ಹೊತ್ತಿದ್ದಳು. ಗಂಡುಕೂಸು ಉಳಿದಿತ್ತು. ಐದು ತಿಂಗಳಾದರೂ ಅದಕ್ಕಿನ್ನೂ ಹೆಸರಿರಲಿಲ್ಲ.

ತುರ್ವಿಹಾಳದ ಅಂಗಡಿ ಅಮರಗುಂಡಪ್ಪ, ಹಳೇ ಹಳೇ ಗುಡಿಗಳನ್ನೆಲ್ಲ ತೋರಿಸಿಕೊಂಡು ಬರುತ್ತೇನೆಂದು ಊರಿನವರನ್ನು ಟೆಂಪೋದಲ್ಲಿ ತುಂಬಿಕೊಂಡು ಹೊರಟಿದ್ದ. ಅದು ತೊಂಬತ್ತಮೂರನೆಯ ಇಸವಿ. ಯಾರು ಯಾರ ದೇವರಿಗೆ ಕೈ ಮುಗಿಯಬೇಕೆಂದು ಹೇಳಿಕೊಡುವವರು ಊರೂರಲ್ಲಿ ಹುಟ್ಟಿಕೊಂಡಿದ್ದರು. ಮುದಗಲ್ಲಿನ ಹಳೇ ಚರ್ಚಿನೊಳಗೆ ಅಮರಗುಂಡಪ್ಪ ಗೋಡೆ ಮುಟ್ಟಿ ಮುಟ್ಟಿ, ತಾನೇ ನಿಂತು ಕಟ್ಟಿಸಿದವನ ಹಾಗೆ ವರ್ಣಿಸಿದ. ಎಲ್ಲರೂ ಟೆಂಪೋ ಹತ್ತಿ ಕೂತದ್ದೇ, "ನಡಿಯಪಾ, ಲಿಂಗಸುಗೂರಿಗೆ," ಎಂದ.

"ಅಲಾಯಿ ದೇವರು ಉಳೀತಲ್ಲರೀ," ಎಂದಳು ಹುಸೇನಮ್ಮ.

"ಈ ಸಲ ಬ್ಯಾಡ ಬೇ ಹುಸೇನಮ್ಮ. ಕಾಲ ಸರಿ ಇಲ್ಲ. ಕೂಸಿಗೆ ಊರಾಗ ಚಂದಾಗಿ ಶಿವನ ಹೆಸರಿಡ್ರಿ."

ಅವಳಿಗೆ ಮೈಯೆಲ್ಲ ಉರಿಯಿತು. "ನಿಮ್ಮವ್ವ ಜಂಬಮ್ಮ ನಿಮ್ಮನ್ನ ಅದ ಹೊಸ್ತಿಲ ಮ್ಯಾಲೆ ಮಲಗಿಸಿದ್ದು ಮರತ್ರೇನು? ಅವತ್ತು ಓಣಿಗೆಲ್ಲ ಸಕ್ಕರಿ ಹಂಚಿದಾಕಿ ನಾನ."

ಅಮರಗುಂಡಪ್ಪ ಕೇಳಿಸಲೇ ಇಲ್ಲವೆಂಬಂತೆ ಕನ್ನಡಕ ತೆಗೆದು ಒರೆಸಿಕೊಂಡ. ಹುಸೇನಮ್ಮ ಮಗಳ ಕಡೆ ನೋಡಿದಳು. ಸೂಗಮ್ಮ ತಲೆ ತಗ್ಗಿಸಿ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಹೊಟ್ಟೆಯಲ್ಲಿ ಹುಟ್ಟಿದವಳೂ ಅವನ ಕಡೆಯೇ ಆದಳಲ್ಲ ಎಂದು ಹುಸೇನಮ್ಮನ ಪಿತ್ತ ನೆತ್ತಿಗೇರಿತು. ಮಗಳ ತೊಡೆಯ ಮೇಲೆ ನಿದ್ದೆ ಹೋಗಿದ್ದ ಕೂಸನ್ನು ಕಸಿದುಕೊಂಡು, "ನೀ ಇಲ್ಲೇ ಕೂಡು ಇವರ ಜೋಡಿ," ಎಂದವಳೇ ಇಳಿದು ಓಣಿ ಹಿಡಿದು ನಡೆದುಬಿಟ್ಟಳು.

ಅಲಾಯಿ ದೇವರ ಪೂಜೆ ನೋಡಿಕೊಳ್ಳುವ ರಹಮಾನಸಾಬ ಕೂಸನ್ನು ಹೊಸ್ತಿಲ ಮೇಲೆ ಮಲಗಿಸಿ ಕೇಳಿದ: "ಹರಕಿ ಹೊತ್ತಾಕಿ ಯಾರವ್ವ? ಹೆಸರು ಆಕೀನ ಹೇಳಬೇಕು."

ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಾನ," ಎಂದಳು ಹುಸೇನಮ್ಮ. "ಹುಸೇನಪ್ಪ ಅಂತ ಓದ್ರಿ."

ಓದಿಸಿದ ಸಕ್ಕರೆಯನ್ನು ಸೆರಗಿಗೆ ಕಟ್ಟಿಕೊಂಡು, ಕೂಸನ್ನೆತ್ತಿಕೊಂಡು ಹೊರಬಂದಾಗ ಸೂಗಮ್ಮ ಏದುಸಿರು ಬಿಡುತ್ತ ಎದುರಿಗೆ ಬಂದಳು. ದಾರಿ ಗೊತ್ತಿಲ್ಲದೆ ಎರಡು ಮೂರು ಮನೆಗಳಲ್ಲಿ ಕೇಳಿಕೊಂಡು ಬಂದಿದ್ದಳು. ಅವಳನ್ನು ಇಳಿಸಿ ಟೆಂಪೋ ಹೊರಟುಹೋಗಿತ್ತು.

"ಹೆಸರು ಯಾರು ಹೇಳಿದ್ರು ಯವ್ವಾ?"

"ನಾನ," ಎಂದು ಹುಸೇನಮ್ಮ ಕಣ್ಣು ತಪ್ಪಿಸಿದಳು.

"ದೇವರ ಮುಂದ ಅಳಬಾರದಂತ ಕೂಸಿಗೆ ಹೊಟ್ಟಿತುಂಬ ಮೊಲಿ ಕೊಟ್ಟು, ಕುಬಸದ ಗುಂಡಿ ಹಾಕ್ಕೊಳ್ಳಾಕತ್ತಿದ್ದೆ. ಆ ಅಮರಗುಂಡಪ್ಪ ಏನಾರ ಅನ್ನಲಿ, ನಾ ಇಳಿಯಾಕಿನ ಇದ್ದೆ. ಎರಡು ಕೂಸು ಮಣ್ಣಿಗಿಟ್ಟಾಕಿ ನಾನು. ಇವಂಗ ಏನಂತ ಕರೀಬೇಕಂತ ಹೊಟ್ಯಾಗಿದ್ದಾಗಿಂದ ಬಾಯಾಗ ಇಟ್ಕೊಂಡಿದ್ದೆ. ಅವ ಬ್ಯಾಡ ಅಂದ, ನೀ ಕಸಗೊಂಡಿ. ನನ್ನ ಯಾರು ಕೇಳಿದ್ರಿ?"

ಹುಸೇನಮ್ಮ ಸೆರಗಿನ ಗಂಟು ಬಿಚ್ಚಿ ಸಕ್ಕರೆ ಚಾಚಿದಳು. ಸೂಗಮ್ಮ ಅದರ ಕಡೆ ನೋಡದೆ ಕೂಸನ್ನು ಇಸಿದುಕೊಂಡು ಹೆಗಲಿಗೆ ಹಾಕಿಕೊಂಡಳು.

"ಹರಕಿ ನಿಂದಲ್ಲೇನು? ನೀನ ತಿನ್ನು," ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.